ಗೋಡೆಯ ಮೇಲಿನ ಅಕ್ಷರಕ್ಕೆ ಒಂದು ವರ್ಷದ ವಾರಂಟಿ

ಅತ್ತೆಯವರ ಕಣ್ಣಿನಲ್ಲಿ ನಡುವಿನ ದೃಷ್ಟಿ ಹೋಗಿದೆ, ಅಂಚಿನದು ಇನ್ನೂ ಇದೆ, ಅದೂ ಎಷ್ಟು ದಿನ ಇರುತ್ತದೋ ಹೇಳಲಿಕ್ಕಾಗದು, ಒಂದು ವರ್ಷವೋ ಎರಡು ವರ್ಷವೋ ಎಂದು ಕಲಬುರಗಿಯ ಕಣ್ಣಿನ ಡಾಕ್ಟರು ಹೇಳಿದರು. ನಾನು ವಾರಂಟಿ ಕಾರ್ಡು ಓದುವುದನ್ನು ಕಲಿತದ್ದು ಅದರ ಮರುತಿಂಗಳು. ಅಲ್ಲಿಯವರೆಗೆ ಮಿಕ್ಸಿ ಬರಲಿ, ಇಸ್ತ್ರಿಪೆಟ್ಟಿಗೆ ಬರಲಿ, ಅದರ ಕಾರ್ಡನ್ನು ರೇಷನ್ ಕಾರ್ಡಿನ ಚೀಲದಲ್ಲಿ ಹಾಕಿ ಮರೆತುಬಿಡುತ್ತಿದ್ದೆ. ಒಂದನ್ನೂ ಓದಿದವಳಲ್ಲ.

ಡಾಕ್ಟರ ಮಾತು ಕೇಳಿ ಹೊರಗೆ ಬಂದಾಗ ಅಂಚನ್ನಾದರೂ ಉಳಿಸಿದನಲ್ಲ ದೇವರು ಎಂದುಕೊಂಡೆ. ಮನೆಯವರು ತಾಯಿಯ ಕೈ ಹಿಡಿದು ಮೆಟ್ಟಿಲು ಇಳಿಸುತ್ತಿದ್ದರು. ಅವರು ಚಿತ್ತಾಪುರದ ಹೈಸ್ಕೂಲಿನಲ್ಲಿ ಮೇಷ್ಟರು. ದಿನಾಲೂ ಶಹಾಬಾದಿನಿಂದ ಹೋಗಿಬರುತ್ತಾರೆ. ಮನೆಯಲ್ಲಿ ನಾವಿಬ್ಬರು, ಅತ್ತೆ, ಮೂರೇ ಮಂದಿ.

ನಮ್ಮ ಮನೆಯಲ್ಲಿ ಏಕಾದಶಿಯ ದಿನ ನಾಲ್ಕು ಗಂಟೆಗೆ ಓಣಿಯ ಹೆಂಗಸರು ಸೇರುತ್ತಾರೆ. ಉಪವಾಸದ ದಿನ, ಒಲೆಯ ಕೆಲಸ ಇರುವುದಿಲ್ಲ. ಹತ್ತು ಹನ್ನೆರಡು ಮಂದಿ ಆಗುತ್ತೇವೆ. ಅತ್ತೆಯವರ ಹತ್ತಿರ ಒಂದು ವಹಿ ಇದೆ. ತವರಿನಲ್ಲಿ ಅವರ ತಾಯಿ, ದೊಡ್ಡವ್ವ, ನೆರೆಯವರು ಹಾಡಿದ ದೇವರ ಪದಗಳನ್ನೆಲ್ಲ ಹುಡುಗಿಯಾಗಿದ್ದಾಗಿನಿಂದ ಅದರಲ್ಲಿ ಬರೆದುಕೊಂಡು ಬಂದವರು. ಅಚ್ಚಾದ ಪುಸ್ತಕಗಳಲ್ಲಿ ಸಿಗದ ಪದಗಳು ಅದರಲ್ಲಿ ಭಾಳ ಇವೆ. ಅವರು ಮುಂದೆ ಕೂತು ವಹಿ ನೋಡಿ ಒಂದು ನುಡಿ ಹೇಳುವುದು, ನಾವು ಹಿಂದಿನಿಂದ ಹೇಳುವುದು. ನಾನು ಸೊಸೆಯಾಗಿ ಬಂದಾಗಿನಿಂದ ಹಾಗೇ ನಡೆದಿತ್ತು.

ಕಣ್ಣು ಹೋಗಲಿಕತ್ತ ಮೇಲೆ ಎರಡು ಏಕಾದಶಿ ಅವರು ಗಂಟಲು ಕಟ್ಟಿದೆ ಎಂದು ಹಿಂದೆ ಗೋಡೆಗೆ ಆತು ಕೂತರು. ಗಂಟಲಿಗೆ ಏನೂ ಆಗಿರಲಿಲ್ಲ. ಬೆಳಿಗ್ಗೆ ಹಾಲಿನವನನ್ನು ಕೂಗುವಾಗ ಮೂರು ಮನೆಗೆ ಕೇಳುತ್ತಿತ್ತು. ಬೇರೆಯವರು ವಹಿ ಹಿಡಿದು ಓದಲಿಕ್ಕೆ ನೋಡಿದರು. ಅತ್ತೆಯವರದು ಹಳೆಯ ಮೋಡಿಯ ಬರಹ, ಒತ್ತಕ್ಷರ ಒಂದಕ್ಕೊಂದು ಹೆಣೆದುಕೊಂಡಿವೆ. ಓದುವವರು ಎಡವಿದಾಗೆಲ್ಲ ಅತ್ತೆಯವರು ಮುಖ ಆಚೆ ತಿರುಗಿಸುತ್ತಿದ್ದರು.

"ಬಾಯಿಪಾಠ ಇರೋದು ಹೇಳ್ರಿ ಅತ್ಯಾರ, ಸಾಕು," ಎಂದೆ.

"ನಡುವಿನ ನುಡಿ ನನಗ ಜಾರತಾವ. ಅರ್ಧಾ ಪದ ದೇವರಿಗೆ ಹೇಳಿ ಉಳಿದದ್ದು ನಾಳೆ ಅನ್ನಲೇನು?" ಎಂದರು. ಮೂರನೆಯ ಏಕಾದಶಿಗೆ ಅವರು ಒಳಗಿನ ಕೋಣೆಯಿಂದ ಹೊರಗೇ ಬರಲಿಲ್ಲ.

ದಾರಿ ಹುಡುಕಿದವಳು ನನ್ನ ನಾದಿನಿ. ಅವಳು ಚಿಂಚೋಳಿಯಲ್ಲಿ ಶಾಲೆಯ ಮೇಡಂ. ಅತ್ತೆ ಎಂಟು ದಿನ ಅವಳ ಮನೆಗೆ ಹೋಗಿದ್ದಾಗ, ಒಂದು ಶನಿವಾರ ಮಕ್ಕಳು ಹೋದ ಮೇಲೆ ತಾಯಿಯನ್ನು ಶಾಲೆಗೆ ಕರೆದುಕೊಂಡು ಹೋಗಿ, ವಹಿಯ ಒಂದು ಹಾಳೆಯ ಫೋಟೋ ತೆಗೆದು, ಪಾಠ ತೋರಿಸುವ ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಬಿಟ್ಟಳು. ಕಪ್ಪು ಹಿನ್ನೆಲೆ, ಬಿಳಿ ಅಕ್ಷರ, ಒಂದೊಂದು ಅಕ್ಷರ ಅಂಗೈಯಷ್ಟು. ಆಮೇಲೆ ನನಗೆ ಫೋನು ಮಾಡಿದಳು.

"ವೈನಿ, ಅಮ್ಮ ಓದಿದ್ಲು. ಬಾಗಿಲ ಕಡೆ ನೋಡಿಕೋತ ಗೋಡಿ ಮ್ಯಾಲಿಂದು ಓದಿದ್ಲು. ನಾಕು ನುಡಿ. ಒಂದ ತಪ್ಪಿಲ್ಲ."

ನಡುವಿನ ದೃಷ್ಟಿ ಇಲ್ಲದವರು ಹಾಗೆ ಓರೆಯಾಗಿ ನೋಡಿದರೆ ಅಂಚಿನಿಂದ ಕಾಣುತ್ತದಂತೆ. ಟಿವಿಯಲ್ಲೇ ತೋರಿಸಬಹುದಲ್ಲ ಎಂದು ನಾವು ಮೊದಲು ನೋಡಿದ್ದೆವು. ನಮ್ಮದು ಸಣ್ಣ ಟಿವಿ. ಮೂಗು ತಾಗುವಷ್ಟು ಹತ್ತಿರ ಕೂಡಬೇಕಾಗಿತ್ತು, ಬೆಳಕು ಚುಚ್ಚಿ ಕಣ್ಣಲ್ಲಿ ನೀರು ಬಂತು. ಗೋಡೆಯ ಮೇಲಿನ ಬೆಳಕು ಚುಚ್ಚುವುದಿಲ್ಲ. ಹೀಗೆ ನಮ್ಮ ಮನೆಗೊಂದು ಪ್ರೊಜೆಕ್ಟರು ಬೇಕೆಂದಾಯಿತು. ಅದು ಇಲ್ಲದೆ ಹೋದ ಪ್ರತಿ ಏಕಾದಶಿಯೂ ಅತ್ತೆಯವರ ಆ ಒಂದೆರಡು ವರ್ಷದಲ್ಲಿ ಕಡಿಮೆಯಾದಂತೆ. ಯಾರೂ ಬಾಯಿಬಿಟ್ಟು ಹೇಳದಿದ್ದರೂ ಮೂವರಿಗೂ ಇದು ಗೊತ್ತಿತ್ತು.

ಮೊದಲು ಕಲಬುರಗಿಯ ದೊಡ್ಡ ಅಂಗಡಿಗೆ ಹೋದೆವು. ಎಸಿ ಹಾಕಿದ ಅಂಗಡಿ, ನೆಲ ಕನ್ನಡಿಯಂತಿತ್ತು. ಅಲ್ಲಿ ಒಬ್ಬ ಹುಡುಗಿ ಮೂರು ಪ್ರೊಜೆಕ್ಟರು ತೋರಿಸಿದಳು. ಒಂದರ ಬೆಳಕು ನಮಗೆ ಮನಸ್ಸಿಗೆ ಬಂತು. ವಾರಂಟಿ ಒಂದು ವರ್ಷ ಕಂಪನಿಯದು, ಮೇಲೆ ಎರಡು ವರ್ಷ ಬೇಕಾದರೆ ಬೇರೆ ಕೊಟ್ಟು ತೆಗೆದುಕೊಳ್ಳಬೇಕು, ಒಟ್ಟು ಮೂರು ವರ್ಷ ಚಿಂತೆ ಇಲ್ಲ ಎಂದಳು. ಮನೆಯವರು ಮೂರು ವರ್ಷ ಎಂದ ಕೂಡಲೇ ಕೈ ಕಿಸೆಗೆ ಹಾಕಿದರು.

"ಕೆಟ್ಟರ ಎಲ್ಲಿ ತರಬೇಕವಾ?" ಎಂದು ಕೇಳಿದೆ.

"ಇಲ್ಲಿ ತರೋದಲ್ರಿ ಆಂಟಿ. ಒಂದು ನಂಬರದ, ಅದಕ್ಕ ಫೋನ್ ಮಾಡಬೇಕು. ಅವರು ಕೊರಿಯರ್ ಕಳಸ್ತಾರ, ಒಯ್ತಾರ, ರಿಪೇರಿ ಮಾಡಿ ತಂದು ಕೊಡ್ತಾರ."

"ಎಷ್ಟು ದಿನಕ್ಕ?"

"ಮೂವತ್ತು ವರ್ಕಿಂಗ್ ಡೇಸ್ ಅಂತ ಬರದಾರ್ರಿ. ಮೊದಲ ಬಂದ್ರೂ ಬರಬಹುದು."

ಮೂವತ್ತು ಕೆಲಸದ ದಿನ ಎಂದರೆ ಶನಿವಾರ, ಭಾನುವಾರ, ಹಬ್ಬ ಬಿಟ್ಟು. ಒಂದೂವರೆ ತಿಂಗಳಾಗುತ್ತದೆ. ಮೂರು ಏಕಾದಶಿ ಎಂದು ಮನಸ್ಸಿನಲ್ಲಿ ಹೇಳಿಕೊಂಡೆ.

ಅಂದು ಕೊಳ್ಳದೆ, ಆಕೆ ಕೊಟ್ಟ ಮಾದರಿ ಕಾರ್ಡನ್ನಷ್ಟೇ ಮನೆಗೆ ತಂದು ಓದಿದೆ. ಅಕ್ಷರ ಅಕ್ಕಿಯ ನುಚ್ಚಿಗಿಂತ ಸಣ್ಣವು. ಅತ್ತೆಯವರ ಭೂತಗನ್ನಡಿ ಇಟ್ಟು ಒಂದೊಂದೇ ಸಾಲು ಬಿಡಿಸಿದೆ, ತಿಳಿಯದ್ದನ್ನು ಮನೆಯವರು ಬಿಡಿಸಿ ಹೇಳಿದರು. ಪೆಟ್ಟಿಗೆಗೆ ಬೇರೆ ವಾರಂಟಿ, ದೀಪಕ್ಕೆ ಬೇರೆ. ಕರೆಂಟು ಹೆಚ್ಚುಕಡಿಮೆಯಾಗಿ ಸುಟ್ಟರೆ ಇಲ್ಲ. ನೀರು ಒಳಗೆ ಹೋದರೆ ಇಲ್ಲ. ಧೂಳು, ಹುಳ, ಇರುವೆಯಿಂದ ಕೆಟ್ಟರೆ ಇಲ್ಲ. ಬೇರೆಯವರು ಬಿಚ್ಚಿದರೆ ಇಲ್ಲ. ಮನೆಯ ಬಳಕೆ ಬಿಟ್ಟು ಬೇರೆಗೆ ಬಳಸಿದರೆ ಇಲ್ಲ. ಇಷ್ಟು ಇಲ್ಲಗಳ ನಂತರ ಏನು ಉಳಿಯುತ್ತದೆ ಎಂದು ಕೇಳಿದೆ. ತಾನಾಗೇ ಕೆಟ್ಟರೆ ಮಾತ್ರ ಎಂದರು ಮನೆಯವರು.

ನನಗೆ ಹತ್ತಿದ ಚಿಂತೆ ಎರಡು. ಒಂದು, ಧೂಳು. ನಮ್ಮ ಮನೆ ಕಲ್ಲು ಕೊರೆದು ಪಾಲಿಶ್ ಮಾಡುವ ಜಾಗದ ಹಿಂದಿನ ಓಣಿಯಲ್ಲಿದೆ. ಬೆಳಿಗ್ಗೆ ಒರೆಸಿದ ಕಿಟಕಿಯ ಮೇಲೆ ಮಧ್ಯಾಹ್ನ ಬೆರಳಿನಿಂದ ರಂಗೋಲಿ ಬರೆಯಬಹುದು. ನಮಗೆ ಅದು ಧೂಳೆಂದು ಅನಿಸುವುದೇ ಇಲ್ಲ, ಬಂದವರು ಹೇಳಿದಾಗ ನೆನಪಾಗುತ್ತದೆ. ಎರಡು, ಮನೆಯ ಬಳಕೆ ಎಂಬ ಮಾತು. ಹನ್ನೆರಡು ಮಂದಿ ಬಂದು ಕೂತರೆ ಅದು ಮನೆಯದೋ ಮಂದಿಯದೋ? ಸುಳ್ಳು ಹೇಳಿ ದೇವರ ಪದಕ್ಕೆ ವಸ್ತು ತರುವುದು ನನಗೆ ಬೇಡವಾಗಿತ್ತು. ಆ ಹುಡುಗಿಗೆ ಫೋನು ಮಾಡಿ ಕೇಳಿದೆ.

"ಟಿಕೆಟ್ ಹಚ್ಚತೀರೇನ್ರಿ ಆಂಟಿ?" ಎಂದಳು.

"ಇಲ್ಲವಾ, ಪ್ರಸಾದ ಕೊಡ್ತೀವಿ."

"ಹಂಗಿದ್ರ ಮನಿದೇ ಅಂತ ಹಿಡೀರಿ," ಎಂದು ನಕ್ಕಳು. ಧೂಳಿಗೆ ಮಾತ್ರ ಏನೂ ಹೇಳಲಿಲ್ಲ.

ಮನೆಯಲ್ಲಿ ಎರಡು ಪಂಗಡವಾದವು. ಮನೆಯವರು, ನಾದಿನಿ ಮೂರು ವರ್ಷ ಎಂದರು. ನನಗೆ ಯಾಕೋ ಅದು ಹಿಡಿಸಲಿಲ್ಲ. ಮನೆಯವರು ಮೂರು ವರ್ಷ ಎನ್ನುವಾಗ ಪ್ರೊಜೆಕ್ಟರಿನ ಲೆಕ್ಕ ಹಾಕುತ್ತಿರಲಿಲ್ಲ ಎಂದು ನನಗೆ ಕಾಣುತ್ತಿತ್ತು. ಮೂರು ವರ್ಷದ್ದು ತಂದರೆ ತಾಯಿಯ ಕಣ್ಣು ಮೂರು ವರ್ಷ ಇರುತ್ತದೆ ಎಂಬಂತೆ ಮಾತಾಡುತ್ತಿದ್ದರು. ಅದನ್ನು ಅವರಿಗೆ ಹೇಳುವುದು ಹೇಗೆ? ನಾನು ಹೇಳಲಿಲ್ಲ. ಒಂದು ದಿನ ಇವರು ಫೋನಿನಲ್ಲಿ ತಂಗಿಯ ಕೂಡ ಅದನ್ನೇ ಮಾತಾಡುತ್ತಿದ್ದಾಗ, ಹೂಬತ್ತಿ ಹೊಸೆಯುತ್ತ ಕೂತಿದ್ದ ಅತ್ತೆಯವರೇ ಹೇಳಿದರು.

"ಮೂರು ವರ್ಷ ಯಾರಿಗೋ?"

"ಮಷಿನಿಗಮ್ಮಾ."

"ಅದಕ್ಕ ಮೂರು ವರ್ಷ ತಗೊಂಡು ನನಗೇನು ಮಾಡ್ತಿ? ನನ್ನ ಕಣ್ಣಿಗೆ ಡಾಕ್ಟರು ಕಾರ್ಡ ಕೊಟ್ಟಾನೇನು? ಒಂದು ವರ್ಷದ್ದು ತಾ. ಬೇಗ ತಾ."

ಇವರು ಫೋನು ಕಿವಿಗೆ ಹಿಡಿದುಕೊಂಡೇ ಅಂಗಳಕ್ಕೆ ಹೋದರು. ಅತ್ತೆ ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. ಆಕೆಗೆ ಬತ್ತಿ ಕಾಣುತ್ತಿರಲಿಲ್ಲ, ಆದರೂ ಒಂದೂ ದಪ್ಪತೆಳ್ಳಗೆ ಆಗಿರಲಿಲ್ಲ.

ನನ್ನ ತಲೆಯಲ್ಲಿದ್ದ ಗಂಟು ಅಂದು ಬಿಚ್ಚಿತು. ನಾವು ಎಷ್ಟು ವರ್ಷ ಎಂದು ಕೇಳುತ್ತಿದ್ದೆವು. ಕೆಟ್ಟರೆ ಎಷ್ಟು ದಿನ ಮನೆಯಲ್ಲಿ ಇರುವುದಿಲ್ಲ ಎಂದು ಕೇಳಬೇಕಾಗಿತ್ತು. ಇದನ್ನು ನಾದಿನಿಗೆ ಹೇಳಿದೆ. ಅವಳು, ತಮ್ಮ ಶಾಲೆಯ ಪ್ರೊಜೆಕ್ಟರು ರಿಪೇರಿ ಮಾಡುವವರು ಸೇಡಂನಲ್ಲಿದ್ದಾರೆ, ಸ್ವತಃ ಬಿಚ್ಚುತ್ತಾರೆ, ನಾವು ಕಲಬುರಗಿಯಲ್ಲಿ ನೋಡಿದ ಕಂಪನಿಯ ರಿಪೇರಿಯ ಪರವಾನಗಿಯೂ ಅವರ ಹತ್ತಿರ ಇದೆ, ಮಾರಾಟವೂ ಇದೆ, ಆದರೆ ಒಂದೇ ವರ್ಷ ಕೊಡುತ್ತಾರೆ ಎಂದಳು.

ಸೇಡಂನ ಅಂಗಡಿ ಬಸ್‌ಸ್ಟ್ಯಾಂಡಿನ ಹತ್ತಿರ, ಎರಡು ಹಾಸುಗಲ್ಲಿನ ಅಗಲ. ಒಳಗೆ ಬಿಚ್ಚಿಟ್ಟ ಟಿವಿಗಳು, ಸೌಂಡ್ ಬಾಕ್ಸುಗಳು. ಅಂಗಡಿಯವರು ಹಣೆಯ ತುಂಬ ವಿಭೂತಿ ಹಚ್ಚಿಕೊಂಡ, ಐವತ್ತು ದಾಟಿದ ಮನುಷ್ಯ. ಅವರು ಮಷಿನು ತೋರಿಸುವ ಮೊದಲು ಎಲ್ಲಿಂದ ಬಂದಿರಿ ಎಂದು ಕೇಳಿದರು. ಶಹಾಬಾದ ಎಂದೆವು.

"ಹಂಗಾರ ಮೊದಲ ಹೇಳಿಬಿಡ್ತೀನ್ರಿ. ಧೂಳಿಗೆ ವಾರಂಟಿ ಇಲ್ಲ. ಕಂಪನಿದು ಇಲ್ಲ, ನಂದೂ ಇಲ್ಲ. ಒಳಗಿನ ಫ್ಯಾನಿಗೆ ಜಾಳಗಿ ಅದ, ವಾರಕ್ಕೊಮ್ಮೆ ತಗದು ಝಾಡಿಸಬೇಕು."

"ಕೆಟ್ಟರ ಎಷ್ಟು ದಿನ ಇಟ್ಕೋತೀರಿ?" ಎಂದೆ.

"ನನ್ನ ಕಡೆ ಸಾಮಾನಿದ್ರ ಅವತ್ತೇ. ಹೈದರಾಬಾದಿನಿಂದ ತರಸಬೇಕಾದ್ರ ಎಂಟು ದಿನ."

"ಆ ಎಂಟು ದಿನದಾಗ ಏಕಾದಶಿ ಬಂದ್ರ?"

ಅವರು ನನ್ನ ಮುಖ ನೋಡಿದರು, ಮನೆಯವರ ಮುಖ ನೋಡಿದರು. ಮನೆಯವರು ತಾಯಿಯ ಕಣ್ಣಿನ ವಿಷಯ ಹೇಳಿದರು. ಅಂಗಡಿಯವರು ಅಯ್ಯೋ ಪಾಪ ಎನ್ನಲಿಲ್ಲ. ಮೂಲೆಯಲ್ಲಿದ್ದ ಒಂದು ದೊಡ್ಡ ಹಳೆಯ ಮಷಿನಿನ ಕಡೆ ಕೈ ಮಾಡಿ, "ಇದು ಮದವಿ ಹಾಲಿಗೆ ಬಾಡಿಗಿ ಕೊಡೋದದ. ರಿಪೇರಿ ಆಗೋತನಕ ಇದು ಒಯ್ರಿ," ಎಂದರು.

"ಬಿಲ್ಲಿನ ಮ್ಯಾಲ ಬರದು ಕೊಡ್ತೀರೇನ್ರಿ?"

"ಅಕ್ಕಾರ ವಕೀಲರೇನ್ರಿ ಸರ್?" ಎಂದು ಮನೆಯವರನ್ನು ಕೇಳಿದರು.

"ಇಲ್ರಿ. ಒಂದು ತಿಂಗಳಾತು, ಬರೇ ಕಾರ್ಡ ಓದಲಿಕತ್ತಾರ," ಎಂದರು ಇವರು.

ಬಿಲ್ಲಿನ ಕೆಳಗೆ ಕೈಯಿಂದ ಬರೆದು ಸಹಿ ಮಾಡಿ ಶಿಕ್ಕಾ ಒತ್ತಿದರು. ರಿಪೇರಿ ಆಗುವವರೆಗೆ ಬದಲಿ ಮಷಿನು ಕೊಡಲಾಗುವುದು. ಮೂರು ವರ್ಷ ಬಿಟ್ಟು ಒಂದು ವರ್ಷವನ್ನೂ ಈ ಒಂದು ಸಾಲನ್ನೂ ಮನೆಗೆ ತಂದೆವು. ಬರುವಾಗ ವಾಡಿಯಲ್ಲಿ ಗಾಡಿ ಬದಲಿಸುವ ತನಕ ಮನೆಯವರು ಮೂರು ವರ್ಷದ ವಿಷಯವೇ ಆಡಿದರು. ನಾನು ಡಬ್ಬಿ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಸಾಮಾನು ಇಡುವ ಹಲಗೆಯ ಮೇಲೆ ಇಡಲಿಕ್ಕೆ ಮನಸ್ಸಾಗಲಿಲ್ಲ.

ತಂದ ದಿನವೇ ಪೂಜೆಯಾಯಿತು. ಹೊಸ ವಸ್ತು ಬಂದರೆ ಅದು ನಮ್ಮಲ್ಲಿ ಆಗಲೇಬೇಕು. ಅತ್ತೆ ಅರಿಶಿನ ಕುಂಕುಮ ಇಟ್ಟು, ತುಳಸಿದಳದಿಂದ ತೀರ್ಥ ಪ್ರೋಕ್ಷಣೆ ಮಾಡಿದರು. ಹಾಳೆಗಳ ಫೋಟೋ ತೆಗೆಯುವುದು, ಕಪ್ಪುಬಿಳಿ ಮಾಡುವುದು ನಾದಿನಿ ನನಗೆ ಕಲಿಸಿದ್ದಳು. ಕಿಟಕಿಗೆ ಕೌದಿ ಕಟ್ಟಿ, ಸುಣ್ಣದ ಗೋಡೆಯ ಮೇಲೆ ಬೆಳಕು ಬಿಟ್ಟೆವು. ಅತ್ತೆಯವರು ದೇವರ ಮನೆಯ ಬಾಗಿಲ ಕಡೆ ಮುಖ ಮಾಡಿ, ಗೋಡೆಯ ಮೇಲಿನದನ್ನು ಓದಿದರು. ಹಾಡಲಿಲ್ಲ, ಬರೀ ಓದಿದರು. ಒಂದು ಕಡೆ ನಿಂತು, "ಇಲ್ಲಿ ಶಾಯಿ ಚೆಲ್ಲಿತ್ತು, ಅವ್ವ ಬೈದಿದ್ಲು," ಎಂದರು. ಶಾಯಿಯ ಕಲೆ ಗೋಡೆಯ ಮೇಲೆ ತಾಟಿನಷ್ಟು ಬಿದ್ದಿತ್ತು.

ಮುಂದಿನ ಏಕಾದಶಿಯಿಂದ ಅವರು ಮತ್ತೆ ಮುಂದೆ ಕೂತರು. ಹೆಂಗಸರಿಗೂ ಅಕ್ಷರ ಕಾಣುತ್ತಿದ್ದರಿಂದ ಒಂದು ಅನುಕೂಲವೇ ಆಯಿತು, ವರ್ಷಗಟ್ಟಲೆ ತಪ್ಪು ಹೇಳುತ್ತಿದ್ದ ಮಾತುಗಳು ಸರಿಯಾದವು. ನಾನು ಪ್ರತಿ ವಾರ ಜಾಳಿಗೆ ತೆಗೆದು ಝಾಡಿಸುತ್ತಿದ್ದೆ. ಮೇಲೆ ಹಳೆಯ ರೇಷ್ಮೆ ವಸ್ತ್ರ ಹೊದಿಸುತ್ತಿದ್ದೆ. ಕಾರ್ಡಿನಲ್ಲಿ ಬರೆದದ್ದರಲ್ಲಿ ಒಂದನ್ನೂ ಮೀರಿಲ್ಲ ಎಂದು ನನಗೆ ಒಳಗೇ ಸ್ವಲ್ಪ ಹೆಮ್ಮೆ ಇತ್ತು.

ಐದನೆಯ ತಿಂಗಳಲ್ಲಿ, ಏಕಾದಶಿಯ ದಿನವೇ, ಎರಡನೆಯ ಪದದ ನಡುವೆ ಬೆಳಕು ಹೋಯಿತು. ಕರೆಂಟು ಇತ್ತು. ಮಷಿನು ಕೈಯಿಟ್ಟರೆ ಸುಡುತ್ತಿತ್ತು. ಕತ್ತಲೆ ಕೋಣೆಯಲ್ಲಿ ಅತ್ತೆಯವರು ಇನ್ನೊಂದು ನುಡಿ ಬಾಯಿಯಿಂದ ಹೇಳಿದರು, ಮುಂದಿನದು ಬರಲಿಲ್ಲ. ನಾನು ಎದ್ದು ಕೌದಿ ಬಿಚ್ಚಿದೆ. ಮಂಗಳಾರತಿ ಮಾಡಿ ಎಲ್ಲರೂ ಬೇಗ ಹೋದರು.

ಮರುದಿನ ಪಾರಣೆ ಮುಗಿಸಿ, ಡಬ್ಬಿ ಹೊತ್ತುಕೊಂಡು ಸೇಡಂಗೆ ಹೊರಟೆ. ಮನೆಯವರು ಚಿತ್ತಾಪುರದಲ್ಲಿ ಶಾಲೆಗೆ ಇಳಿದರು. ಇಳಿಯುವ ಮೊದಲು, "ಹೆಚ್ಚಿಗಿ ಮಾತಾಡಬ್ಯಾಡ, ಕೆಟ್ಟದ ಅಂತ ಅಷ್ಟ ಹೇಳು," ಎಂದರು. ಆಗಲಿ ಎಂದೆ.

ಅಂಗಡಿಯವರು ಮೊಬೈಲಿನಲ್ಲಿ ಕಂಪನಿಯ ಫಾರ್ಮು ತೆರೆದು ಕೇಳುತ್ತ ಹೋದರು. ಕೆಳಗೆ ಬಿದ್ದಿತ್ತೇ? ಇಲ್ಲ. ಬೇರೆಯವರು ಬಿಚ್ಚಿದ್ದರೇ? ಇಲ್ಲ. ಕರೆಂಟು ಹೆಚ್ಚಾಗಿತ್ತೇ? ಇಲ್ಲ.

"ನೀರು ಬಿದ್ದಿತ್ತೇನ್ರಿ?"

ಇಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನಾನು ಸುಳ್ಳು ಹೇಳಬೇಕೆಂದು ಬಂದವಳಲ್ಲ. ನೀರು ಎಂದರೆ ನನಗೆ ತಂಬಿಗೆ, ಕೊಡ, ಮಳೆ ಇಂಥವು ಕಣ್ಣ ಮುಂದೆ ಬಂದವು. ಆಮೇಲೆ ಅತ್ತೆಯವರ ಕೈ ಕಂಡಿತು. ಏಕಾದಶಿಗೊಮ್ಮೆ, ಪದ ಸುರು ಮಾಡುವ ಮೊದಲು, ಅವರು ದೇವರಿಗೆ ನಮಸ್ಕಾರ ಮಾಡಿ ಕೂತವರ ಮೇಲೆಲ್ಲ ತೀರ್ಥ ಪ್ರೋಕ್ಷಣೆ ಮಾಡುತ್ತಿದ್ದರು. ಮೊದಲ ದಿನ ಮಾಡಿದಂತೆ, ವಸ್ತ್ರ ತೆಗೆದ ಮಷಿನಿಗೂ. ನಾನು ಪಕ್ಕದಲ್ಲೇ ಕೈ ಮುಗಿದು ಕೂತಿರುತ್ತಿದ್ದೆ. ನೀರಿನ ಮಾತನ್ನು ಭೂತಗನ್ನಡಿ ಹಿಡಿದು ಎರಡು ಸಲ ಓದಿದವಳಿಗೆ, ತೀರ್ಥವೂ ನೀರು ಎಂಬುದು ಐದು ತಿಂಗಳಲ್ಲಿ ಒಂದು ಸಲವೂ ಹೊಳೆದಿರಲಿಲ್ಲ.

"ತೀರ್ಥ ಬಿದ್ದದ್ರಿ," ಎಂದೆ.

"ಏನ್ರಿ?"

"ತೀರ್ಥ. ತುಳಸಿಯಿಂದ ಪ್ರೋಕ್ಷಣೆ ಮಾಡ್ತಾರ ನಮ್ಮತ್ತಿ. ಎಲ್ಲಾ ಏಕಾದಶಿಗೂ."

ಅವರು ಮೊಬೈಲು ಕೆಳಗಿಟ್ಟರು. "ಅಕ್ಕಾರ, ಇದು ನೀವು ನನಗ ಹೇಳಬಾರದಿತ್ರಿ."

"ನೀವು ಕೇಳಿದ್ರಲ್ಲ."

"ಫಾರ್ಮ ಕೇಳತದ ಅಂತ ಕೇಳಿದೆ. ಈಗ ಬರೀಲ್ಯೋ ಬ್ಯಾಡೋ?"

"ಖರೆ ಇದ್ದದ್ದು ಬರೀರಿ."

ಅವರು ಬರೆಯುವ ಮೊದಲು ಬಿಚ್ಚಿದರು. ಫ್ಯಾನಿನ ರೆಕ್ಕೆಗಳು ಬೆಳ್ಳಗೆ ಗಟ್ಟಿಯಾಗಿ ಹೋಗಿದ್ದವು. ಮೊಳೆಯಿಂದ ಕೆರೆದು ತೋರಿಸಿದರು, ಹೆಂಟೆ ಹೆಂಟೆ ಬಂತು. ಅದರೊಳಗೆ ಮೇಲಿನ ಗಾಳಿಕಂಡಿಯಿಂದ ಇಳಿದ ಒಂದು ಒಣಗಿದ ತುಳಸಿ ಎಲೆ ಸಿಕ್ಕಿಕೊಂಡಿತ್ತು, ಅಲ್ಲಲ್ಲಿ ಕುಂಕುಮದ ಕೆಂಪು.

"ಬರೇ ಧೂಳಾಗಿದ್ರ ಊದಿದ್ರ ಹೋಗತಿತ್ತು. ಬರೇ ನೀರಾಗಿದ್ರ ಇಷ್ಟು ಹನಿಗೆ ಏನೂ ಆಗತಿದ್ದಿಲ್ಲ. ನಿಮ್ಮೂರಿನ ಕಲ್ಲಿನ ಪುಡಿ, ಮ್ಯಾಲ ತೀರ್ಥ. ಒಳಗ ಗೋಡಿಗೆ ಮಾಡಿದಂಗ ಗಿಲಾವು ಮಾಡೀರಿ," ಎಂದರು.

ಅವರ ಅಂಗಡಿಯ ಮಷಿನುಗಳ ಮೇಲೂ ಮೂರು ಬೆರಳಿನ ವಿಭೂತಿ ಇತ್ತು. ನಾನು ಅದರ ಕಡೆ ನೋಡುತ್ತಿರುವುದನ್ನು ಕಂಡು, "ನಾವೂ ಹಚ್ಚತೀವ್ರಿ. ಮ್ಯಾಲ ಹಚ್ಚತೀವಿ, ಒಳಗಲ್ಲ," ಎಂದರು.

ಒಳಗಿನ ಮುಖ್ಯ ಪ್ಲೇಟು ಸುಟ್ಟಿರಲಿಲ್ಲ. ಸುಡುವ ಮೊದಲೇ ತಾನಾಗಿ ಬಂದ್ ಆಗಿತ್ತು. ಅದೊಂದು ದೇವರ ದಯೆ. ಫ್ಯಾನು ಹೊಸದು ಬೇಕು, ಹೈದರಾಬಾದಿನಿಂದ ಬರಬೇಕು. ವಾರಂಟಿಯಲ್ಲಿ ಆಗುವುದಿಲ್ಲ ಎಂದು ಫಾರ್ಮಿನಲ್ಲಿ ಬರೆದರು. ಸರಿಯೇ ಇತ್ತು, ನಾನು ಒಪ್ಪಿದೆ. ಬದಲಿ ಮಷಿನಿನ ಮಾತು ನಾನು ಎತ್ತಲಿಲ್ಲ. ತಪ್ಪು ನಮ್ಮದಾದ ಮೇಲೆ ಆ ಸಾಲು ತೋರಿಸುವುದು ಸರಿ ಕಾಣಲಿಲ್ಲ. ಚೀಲ ಮಡಚಿಕೊಂಡು ಏಳುತ್ತಿದ್ದಾಗ ಅವರೇ ಕರೆದರು.

"ಎಲ್ಲಿ ಹೊಂಟ್ರಿ? ಇದು ಒಯ್ಯೋರ‍್ಯಾರು?"

"ನಮ್ಮ ತಪ್ಪಲ್ರಿ ಇದು."

"ಬಿಲ್ಲು ತಗೀರಿ. ಏನು ಬರದೀನಿ? ರಿಪೇರಿ ಆಗೋತನಕ ಅಂತ ಬರದೀನಿ. ಯಾಕ ಕೆಟ್ಟಿತು ಅಂತ ಬರದೀನೇನು? ಬರಸಿಕೊಂಡಾಕಿ ನೀವೇ."

ಆ ಹಳೆಯ ಮಷಿನು ಹನ್ನೆರಡು ಸೇರು ಜೋಳದಷ್ಟು ಭಾರ ಇತ್ತು. ವಾಡಿಯಲ್ಲಿ ಗಾಡಿ ಬದಲಿಸುವಾಗ ಒಬ್ಬ ರೈಲ್ವೆಯವರು ಎತ್ತಿಕೊಟ್ಟರು. ಮನೆಯಲ್ಲಿ ಹಚ್ಚಿದರೆ ಅದರ ಸದ್ದಿಗೆ ಅತ್ತೆ, "ಗಿರಣಿ ತಂದೀಯೇನು?" ಎಂದರು. ಬೆಳಕು ಹಳದಿ. ಆದರೂ ಅಕ್ಷರ ಬಂದವು. ಫ್ಯಾನು ಎಂಟು ದಿನಕ್ಕೆ ಬರಲಿಲ್ಲ, ಹದಿನೈದು ದಿನ ಹಿಡಿಯಿತು, ನಡುವಿನ ಏಕಾದಶಿ ಆ ಗಿರಣಿಯ ಮೇಲೇ ಆಯಿತು. ಪ್ರೋಕ್ಷಣೆ ಮುಗಿಯುವ ತನಕ ಅದರ ಮೇಲಿನ ವಸ್ತ್ರವನ್ನು ನಾನು ತೆಗೆಯಲಿಲ್ಲ. ಹೆಂಗಸರು ಅದರ ಸದ್ದು ಮೀರಿ ಹಾಡಿದರು. ಓಣಿಯ ಕೊನೆಯ ಮನೆಯವರಿಗೂ ಕೇಳಿಸಿತಂತೆ.

ಅತ್ತೆಯವರಿಗೆ ನಾನು ಫ್ಯಾನಿನಲ್ಲಿ ಧೂಳು ಕೂತಿತ್ತು ಎಂದಷ್ಟೇ ಹೇಳಿದ್ದೆ. ಅಂಗಡಿಯವರ ಮುಂದೆ ಹೇಳಿದ ಖರೆ ಮಾತು ಮನೆಯಲ್ಲಿ ನನ್ನ ಬಾಯಿಯಿಂದ ಬರಲಿಲ್ಲ. ನಮ್ಮ ಮಷಿನು ರಿಪೇರಿಯಾಗಿ ಬಂದ ಮೇಲೆ ಅದರ ಸ್ಟೂಲನ್ನು ದೇವರ ಮನೆಯಿಂದ ದೂರ, ಕಿಟಕಿಯ ಕಡೆಗೆ ಸರಿಸಿದೆ. ಏಕಾದಶಿಯ ದಿನ ಅತ್ತೆ ತೀರ್ಥದ ಬಟ್ಟಲು ಹಿಡಿದು ಬಂದು, ಕೈಯಿಂದ ತಡವಿದರು. ಸ್ಟೂಲು ಅಲ್ಲಿರಲಿಲ್ಲ.

"ತುಳಸಿ ಸಿಕ್ಕಿತ್ತೇನು ಅದರಾಗ?" ಎಂದು ಕೇಳಿದರು.

ನಾನು ಹೌದೆಂದೆ.

"ಮೊದಲ ಹೇಳಬಾರದಾ? ಇಷ್ಟು ದಿನ ನನ್ನ ಕೈಯಿಂದ ಕೆಡಸಿಕೋತ ಕೂತಿದ್ದೀ."

"ನನಗೂ ಗೊತ್ತಾಗಲಿಲ್ರಿ ಅತ್ಯಾರ."

"ಕಾರ್ಡ ಓದಾಕಿ ನೀ." ಅಷ್ಟು ಹೇಳಿ ನನ್ನ ಕಡೆ ತಿರುಗಿದರು. ಆಮೇಲೆ, "ಕೈ ಚಾಚು. ಗುಂಡಿ ಒತ್ತಾಕಿ ನೀ ಅಲ್ಲ?" ಎಂದು ತೀರ್ಥವನ್ನು ನನ್ನ ಬಲಗೈಗೆ ಹಾಕಿದರು. ನಾನು ತೆಗೆದುಕೊಂಡು, ಕೈ ಸೆರಗಿಗೆ ಒರೆಸಿ, ಪೂರ್ತಿ ಒಣಗಿತೇ ನೋಡಿ, ಗುಂಡಿ ಒತ್ತಿದೆ. ಅಂದಿನಿಂದ ಅದೇ ಪದ್ಧತಿಯಾಯಿತು.

ಮಷಿನು ಮತ್ತೆ ಕೆಡಲಿಲ್ಲ. ಅಕ್ಷರ ಮಾತ್ರ ದೊಡ್ಡವಾಗುತ್ತ ಹೋದವು. ಮೊದಲು ಒಂದು ಹಾಳೆ ಇಡೀ ಗೋಡೆಯ ಮೇಲೆ ಹಿಡಿಯುತ್ತಿತ್ತು. ದೀಪಾವಳಿಯ ಹೊತ್ತಿಗೆ ನಾಲ್ಕು ಸಾಲು ಮಾಡಿದೆ. ಸಂಕ್ರಾಂತಿಗೆ ಎರಡು. ಆಮೇಲೆ ಒಂದೇ ಸಾಲು. ಪ್ರತಿ ಸಲ ಹಾಳೆಗಳನ್ನು ಮತ್ತೆ ಹತ್ತಿರದಿಂದ ಫೋಟೋ ತೆಗೆಯುತ್ತಿದ್ದೆ. ಒಂದು ಪದಕ್ಕೆ ಇಪ್ಪತ್ತು ಸಲ ಗುಂಡಿ ಒತ್ತಬೇಕಾಗುತ್ತಿತ್ತು. ಒಂದು ಸಾಲು ಹೋಗಿ ಇನ್ನೊಂದು ಬರುವ ತನಕ ಹೆಂಗಸರು ಕೊನೆಯ ಮಾತನ್ನು ಎಳೆದು ಹಿಡಿಯುವುದನ್ನು ರೂಢಿ ಮಾಡಿಕೊಂಡರು. ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ಅತ್ತೆ ಏನೂ ಕೇಳುತ್ತಿರಲಿಲ್ಲ. ಓದುವಾಗ ಎರಡು ಸಲ ತಡೆದರೆ ಮುಂದಿನ ಏಕಾದಶಿಗೆ ನಾನು ಅಕ್ಷರ ದೊಡ್ಡದು ಮಾಡುತ್ತಿದ್ದೆ, ಅವರು ಸುಮ್ಮನೆ ಓದುತ್ತಿದ್ದರು.

ಕಾರ್ಡಿನಲ್ಲಿ ಬರೆದ ಕೊನೆಯ ತಾರೀಖು ಒಂದು ದಶಮಿಯ ದಿನ ಬಂತು. ಮನೆಯವರಿಗೆ ನೆನಪಿರಲಿಲ್ಲ, ನನಗಿತ್ತು. ಸೇಡಂನವರು ಬೆಳಿಗ್ಗೆ ಫೋನು ಮಾಡಿ, ಬೇಕಾದರೆ ಇನ್ನೊಂದು ವರ್ಷ ಹಾಕಿಸಬಹುದು ಎಂದರು. ನಾಳೆ ಕೇಳಿ ಹೇಳುತ್ತೇನೆಂದೆ.

ಮರುದಿನ ಏಕಾದಶಿ. ಒಂಬತ್ತು ಮಂದಿ ಬಂದಿದ್ದರು. ಬೆಳಕು ಸರಿಯಾಗಿ ಬಂತು. ಫ್ಯಾನಿನ ಸದ್ದು ಇದೆಯೋ ಇಲ್ಲವೋ ಎಂಬಷ್ಟು. ಅತ್ತೆಯವರು ಬಾಗಿಲ ಕಡೆ ಮುಖ ಮಾಡಿ ಮೊದಲ ನುಡಿ ಹೇಳಿದರು, ಎರಡನೆಯದು ಹೇಳಿದರು. ಮೂರನೆಯದಕ್ಕೆ ನಿಧಾನವಾದರು, ಮುಗಿಸಿದರು. ನಾಲ್ಕನೆಯದರ ಮೊದಲ ಸಾಲು ಗೋಡೆಯ ಮೇಲೆ ಬಂದಾಗ ಮುಖವನ್ನು ಸ್ವಲ್ಪ ಆಚೆ, ಸ್ವಲ್ಪ ಈಚೆ ತಿರುಗಿಸಿ ನೋಡಿದರು. ಮೂರೇ ಮಾತು ಇದ್ದವು, ಒಂದೊಂದು ಅಕ್ಷರ ಮೊಳದಷ್ಟು ಎತ್ತರ. ಅದಕ್ಕಿಂತ ದೊಡ್ಡದು ಮಾಡಲಿಕ್ಕೆ ನಮ್ಮ ಗೋಡೆಯಲ್ಲಿ ಜಾಗ ಇರಲಿಲ್ಲ. ಹೆಂಗಸರು ಹಿಂದಿನ ಮಾತನ್ನು ಎಳೆದು ಹಿಡಿದಿದ್ದರು.

"ಮುಂದಿಂದು ನೀ ಓದು," ಎಂದರು ಅತ್ತೆ.

ಅಷ್ಟು ಸಲ ಫೋಟೋ ತೆಗೆದು ತೆಗೆದು ಅವರ ಬರಹದ ಒಂದೊಂದು ಒತ್ತೂ ನನಗೆ ಪರಿಚಯವಾಗಿತ್ತು. ನಾನು ಓದಿದೆ. ಒಂದು ಕಡೆ ತಪ್ಪಿದೆ, ಅವರು ತಿದ್ದಿದರು. ಆ ನುಡಿಯನ್ನು ಮತ್ತೆ ಮೊದಲಿನಿಂದ ಓದಿದೆ, ಅವರು ಎಲ್ಲರ ಜೊತೆ ಹಿಂದಿನಿಂದ ಹೇಳಿದರು.